ದುಡಿಯುವ ಕೈ, ಕಲಿಯುವ ಕೈ

ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳ ಹಳೆಯ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ವೈದ್ಯರ ನಾಮಫಲಕಗಳನ್ನು ಓದಿದವರಿಗೆ ಅದರ ಕೊನೆಯ ಅಕ್ಷರಗಳು ನೆನಪಿರುತ್ತವೆ. ಎಂ.ಬಿ.ಬಿ.ಎಸ್. ಆದ ಮೇಲೆ ಎಂ.ಆರ್.ಸಿ.ಪಿ., ಲಂಡನ್ ಎಂದೋ, ಎಫ್.ಆರ್.ಸಿ.ಎಸ್., ಎಡಿನ್‌ಬರೊ ಎಂದೋ ಇರುತ್ತಿತ್ತು. ಸೀಮೆಗೆ ಹೋಗಿ ಓದಿ ಬಂದ ಡಾಕ್ಟರು ಎಂದು ಊರಿನವರಿಗೆ ಅವರ ಮೇಲೆ ಒಂದು ಗುಂಜಿ ಹೆಚ್ಚು ನಂಬಿಕೆ. ಆದರೆ ಆ ನಾಲ್ಕು ಅಕ್ಷರಗಳ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿದ್ದವು ಎಂಬುದು ಬಹಳ ಮಂದಿಗೆ ಗೊತ್ತಿರಲಿಲ್ಲ. ಒಂದು, ರಾಯಲ್ ಕಾಲೇಜುಗಳು ನಡೆಸುವ ಪರೀಕ್ಷೆ. ಇನ್ನೊಂದು, ಬ್ರಿಟನ್ನಿನ ಯಾವುದೋ ಆಸ್ಪತ್ರೆಯಲ್ಲಿ ಹಗಲಿರುಳು ದುಡಿದ ಮೂರು, ನಾಲ್ಕು, ಐದು ವರ್ಷ. ಪರೀಕ್ಷೆಯ ನಿಯಮಗಳು ಅಚ್ಚಾಗಿದ್ದವು. ಆಸ್ಪತ್ರೆಯ ಕೆಲಸ ಯಾರಿಗೆ ಸಿಗುತ್ತದೆ, ಯಾವುದು ಸಿಗುತ್ತದೆ ಎಂಬುದರ ನಿಯಮಗಳು ಎಲ್ಲೂ ಅಚ್ಚಾಗಿರಲಿಲ್ಲ. ಅವನ್ನು ಅಚ್ಚು ಹಾಕಲು ಹೊರಟ ಬ್ರಿಟನ್ ಮುಂದೆ ಪಟ್ಟ ಪಾಡು ದೊಡ್ಡದು.

ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಆರೋಗ್ಯ ಮಂತ್ರಿ ಅನೈರಿನ್ ಬೆವನ್ ದೇಶದ ಆಸ್ಪತ್ರೆಗಳನ್ನೆಲ್ಲ ಸರ್ಕಾರದ ಕೈಗೆ ತಂದು, ಚಿಕಿತ್ಸೆಯನ್ನು ಎಲ್ಲರಿಗೂ ಉಚಿತ ಮಾಡಿದರು. ಆಸ್ಪತ್ರೆಗಳ ಒಡೆತನ ಬದಲಾಯಿತೇ ಹೊರತು ಒಳಗಿನ ಪದ್ಧತಿ ಬದಲಾಗಲಿಲ್ಲ. ಒಬ್ಬ ಕನ್ಸಲ್ಟೆಂಟ್, ಅಂದರೆ ಪೂರ್ಣ ಜವಾಬ್ದಾರಿಯ ತಜ್ಞ. ಆತನ ಕೈಕೆಳಗೆ ಒಬ್ಬ ಸೀನಿಯರ್ ರಿಜಿಸ್ಟ್ರಾರ್. ಆತನ ಕೆಳಗೆ ರಿಜಿಸ್ಟ್ರಾರ್. ಎಲ್ಲರಿಗೂ ಕೆಳಗೆ ಆಗತಾನೆ ಪದವಿ ಪಡೆದು ಬಂದ ಹೌಸ್ ಆಫೀಸರ್. ಈ ತಂಡಕ್ಕೆ ‘ಫರ್ಮ್’ ಎಂದು ಹೆಸರು. ಹೌಸ್ ಎಂದರೆ ಇಲ್ಲಿ ಆಸ್ಪತ್ರೆಯೇ. ಅಲ್ಲಿಯೇ ಮಲಗಿ, ಅಲ್ಲಿಯೇ ಉಂಡು, ಕರೆದಾಗ ಎದ್ದು ಓಡಬೇಕಾದವನು ಆತ. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಇವತ್ತಿಗೂ ಬಾಯಲ್ಲಿರುವ ‘ಹೌಸ್ ಸರ್ಜನ್’ ಎಂಬ ಮಾತಿನ ಮೂಲವೂ ಇದೇ. ಪದವಿ ಪಡೆದವನು ಹೀಗೆ ಒಂದು ವರ್ಷ ಆಸ್ಪತ್ರೆಯಲ್ಲಿ ಪಳಗಿದ ಮೇಲೆಯೇ ಪೂರ್ಣ ನೋಂದಣಿ ಎಂದು 1950ರ ಕಾನೂನು ಹೇಳಿತು. 1953ರಿಂದ ಅದು ಜಾರಿಗೆ ಬಂತು.

ಗುರುಕುಲದ ಈ ಏರ್ಪಾಡಿನಲ್ಲಿ ಒಂದು ಗಂಟು ಮೊದಲಿನಿಂದಲೂ ಇತ್ತು. ಶಿಷ್ಯನೇ ಇಲ್ಲಿ ಆಳು. ರಾತ್ರಿ ಎರಡು ಗಂಟೆಗೆ ಎದೆನೋವೆಂದು ಬಂದ ರೋಗಿಯನ್ನು ನೋಡುವವನು ಕಲಿಯುತ್ತಿರುವವನೇ. ಆದ್ದರಿಂದ ಒಂದು ಆಸ್ಪತ್ರೆ ಎಷ್ಟು ಮಂದಿ ಕಿರಿಯರನ್ನು ತೆಗೆದುಕೊಳ್ಳಬೇಕೆಂಬುದನ್ನು ನಿರ್ಧರಿಸುತ್ತಿದ್ದುದು ಅಲ್ಲಿನ ಹಾಸಿಗೆಗಳ ಸಂಖ್ಯೆ. ಹತ್ತು ವರ್ಷದ ಅನಂತರ ದೇಶಕ್ಕೆ ಎಷ್ಟು ಮಂದಿ ಹೃದ್ರೋಗ ತಜ್ಞರು ಬೇಕು ಎಂಬ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ತಜ್ಞರ ಹುದ್ದೆಗಳನ್ನು ನಿರ್ಧರಿಸುತ್ತಿದ್ದುದು ಬೊಕ್ಕಸ. ಹೀಗಾಗಿ ಕೆಳಗೆ ವಿಶಾಲವಾಗಿ ಮೇಲೆ ಚೂಪಾದ ಗೋಪುರವೊಂದು ಎದ್ದಿತು. ಆರೋಗ್ಯ ಸೇವೆ ಆರಂಭವಾದ ಎರಡು ಮೂರು ವರ್ಷಗಳಲ್ಲೇ, ತರಬೇತಿಯ ಅವಧಿ ಮುಗಿದರೂ ಮೇಲಿನ ಹುದ್ದೆ ಸಿಗದೆ ನಿಂತ ಸೀನಿಯರ್ ರಿಜಿಸ್ಟ್ರಾರ್‌ಗಳ ಅಳಲು ಕೇಳಿಬಂತು.

ಲೆಕ್ಕ ಹಾಕಲು ಹೋದಾಗ ಇನ್ನೊಂದು ಎಡವಟ್ಟಾಯಿತು. ದೇಶಕ್ಕೆ ಎಷ್ಟು ವೈದ್ಯರು ಬೇಕೆಂದು ನೋಡಲು ನೇಮಿಸಿದ ವಿಲಿಂಕ್ ಸಮಿತಿ 1957ರಲ್ಲಿ ವರದಿ ಕೊಟ್ಟು, ವೈದ್ಯ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಾಯಿತು, ಸುಮಾರು ಹತ್ತನೆಯ ಒಂದು ಪಾಲು ಕಡಿಮೆ ಮಾಡಿ ಎಂದಿತು. ಜನಸಂಖ್ಯೆ ಬೆಳೆಯಿತು, ಆಸ್ಪತ್ರೆಗಳ ಕೆಲಸ ಬೆಳೆಯಿತು, ಬ್ರಿಟಿಷ್ ವೈದ್ಯರು ಕೆನಡಾ, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿದರು. ಸಮಿತಿಯ ಅಂದಾಜು ತಲೆಕೆಳಗಾಗಲು ಹತ್ತು ವರ್ಷವೂ ಬೇಕಾಗಲಿಲ್ಲ.

ಆ ಖಾಲಿ ಜಾಗ ತುಂಬಿದವರು ಭಾರತ ಉಪಖಂಡದ ವೈದ್ಯರು. ಅವರಿಗೆ ಅಲ್ಲಿಗೆ ಹೋಗಲು ಅಡ್ಡಿ ಇರಲಿಲ್ಲ. ಭಾರತದ ಕಾಲೇಜುಗಳ ಪದವಿಯನ್ನು ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಮಾನ್ಯ ಮಾಡುತ್ತಿತ್ತು. 1930ರಲ್ಲಿ ಒಮ್ಮೆ ಆ ಮಾನ್ಯತೆ ತಪ್ಪಿ, ಅದರ ಬಿಸಿಗೆ ಭಾರತದಲ್ಲಿ 1933ರ ವೈದ್ಯಕೀಯ ಮಂಡಳಿ ಕಾಯಿದೆಯೇ ಹುಟ್ಟಿಕೊಂಡದ್ದು ಬೇರೆ ಕಥೆ. 1960ರ ಹೊತ್ತಿಗೆ ಬ್ರಿಟಿಷ್ ಆಸ್ಪತ್ರೆಗಳ ಕಿರಿಯ ಹುದ್ದೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೊರಗಿನಿಂದ ಬಂದವರದಾಗಿತ್ತು. ಭಾರತ, ಪಾಕಿಸ್ತಾನಗಳಿಂದ ಬಂದ ಈ ಕಿರಿಯ ವೈದ್ಯರಿಲ್ಲದಿದ್ದರೆ ಆರೋಗ್ಯ ಸೇವೆ ಕುಸಿದೇ ಹೋಗುತ್ತಿತ್ತೆಂದು ಲಾರ್ಡ್ ಕೊಹೆನ್ 1961ರಲ್ಲಿ ಮೇಲ್ಮನೆಯಲ್ಲಿ ಬಾಯಿಬಿಟ್ಟು ಹೇಳಿದರು.

ಕಲಿಯಲೆಂದು ಹೋದವರಿಗೆ ದೊರೆತದ್ದು ಬಹುಮಟ್ಟಿಗೆ ದುಡಿಮೆ. ಲಂಡನ್ನಿನ ಹೆಸರಾಂತ ಬೋಧನಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಜಾಗಗಳು ಅಲ್ಲಿ ಓದಿದವರಿಗೇ ಹೋಗುತ್ತಿದ್ದವು. ಇವರಿಗೆ ಉಳಿಯುತ್ತಿದ್ದುದು ಸ್ಥಳೀಯರು ಮೂಗು ಮುರಿಯುತ್ತಿದ್ದ ವಿಭಾಗಗಳು: ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ, ಗಿರಣಿ ಪಟ್ಟಣಗಳ ಅಪಘಾತ ವಿಭಾಗ. ಸರ್ಜನ್ ಆಗಬೇಕೆಂದು ಹೊರಟವರು ವೃದ್ಧರೋಗಗಳ ತಜ್ಞರಾದರು. ಇನ್ನು ಕೆಲವರು ವೇಲ್ಸ್‌ನ ಗಣಿ ಕಣಿವೆಗಳಲ್ಲಿ ಕುಟುಂಬ ವೈದ್ಯರಾಗಿ ನೆಲೆ ನಿಂತರು. ಅವರೇ ಆ ವಿಭಾಗಗಳನ್ನು ಕಟ್ಟಿ ನಿಲ್ಲಿಸಿದರೆಂದು ಇತಿಹಾಸಕಾರರು ಒಪ್ಪಿಕೊಳ್ಳುತ್ತಿರುವುದು ಈಚೆಗೆ. 1980ರ ದಶಕದಲ್ಲಿ ಹುಟ್ಟಿದ ಯು.ಕೆ. ಕನ್ನಡ ಬಳಗದಲ್ಲಿ ವೈದ್ಯರ ಕುಟುಂಬಗಳೇ ಎದ್ದು ಕಾಣುವುದಕ್ಕೆ ಕಾರಣ ಈ ವಲಸೆಯೇ. 1975ರಲ್ಲಿ ಭಾರತೀಯ ಪದವಿಗಳ ಮಾನ್ಯತೆ ಮತ್ತೆ ನಿಂತಿತು. ಆಮೇಲೆ ಹೋದವರು ಮೊದಲು ಅಲ್ಲಿನ ಅರ್ಹತಾ ಪರೀಕ್ಷೆ ದಾಟಬೇಕಾಯಿತು. ಅದೇ ಮುಂದೆ ‘ಪ್ಲ್ಯಾಬ್’ ಎಂದು ಹೆಸರಾದ ಪರೀಕ್ಷೆ.

ತರಬೇತಿಯನ್ನು ಸುಧಾರಿಸುವ ಮಾತು ಈ ನಡುವೆ ನಡೆದೇ ಇತ್ತು. 1961ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಒಂದು ಸಮಾಲೋಚನೆ ಕೂಡಿ, ಜಿಲ್ಲಾ ಆಸ್ಪತ್ರೆಗಳಲ್ಲೂ ಸ್ನಾತಕೋತ್ತರ ಶಿಕ್ಷಣ ಕೇಂದ್ರಗಳು ಬೇಕೆಂದಿತು. ಗ್ರಂಥಾಲಯ, ಉಪನ್ಯಾಸದ ಕೋಣೆಗಳಿರುವ ಕೇಂದ್ರಗಳು ಒಂದೊಂದಾಗಿ ಎದ್ದವು. ಲಾರ್ಡ್ ಟಾಡ್ ಅಧ್ಯಕ್ಷತೆಯ ರಾಯಲ್ ಆಯೋಗ 1968ರಲ್ಲಿ, ವೈದ್ಯ ಪದವಿ ಎಂದರೆ ಪೂರ್ಣ ವೈದ್ಯನಲ್ಲ, ಅದು ಬರೀ ಅಡಿಪಾಯ ಎಂದು ಸಾರಿತು. ಕುಟುಂಬ ವೈದ್ಯರಿಗೂ ವಿಶೇಷ ತರಬೇತಿ ಕಡ್ಡಾಯವಾದದ್ದು 1980ರ ದಶಕದ ಆರಂಭದಲ್ಲಿ. ಅದಕ್ಕೆ ಹಿಂದೆ, ಹೌಸ್ ಆಫೀಸರ್ ವರ್ಷ ಮುಗಿಸಿದ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದಾಗಿತ್ತು.

ಕೆಲಸ ಸಿಗುವ ದಾರಿ ಮಾತ್ರ ಹಳೆಯದೇ. ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಜಾಹೀರಾತು ಪುಟಗಳನ್ನು ಪ್ರತಿ ವಾರ ತಿರುವಿಹಾಕುವುದು, ಆರು ಆರು ತಿಂಗಳ ಹುದ್ದೆಗಳಿಗೆ ಟೈಪು ಮಾಡಿದ ಅರ್ಜಿ ಕಳಿಸುವುದು, ಊರಿಂದೂರಿಗೆ ಪೆಟ್ಟಿಗೆ ಹೊರುವುದು. ಅರ್ಜಿಗಿಂತ ಮೊದಲೇ ಒಬ್ಬ ತಜ್ಞ ಇನ್ನೊಬ್ಬನಿಗೆ ಫೋನು ಮಾಡಿ, “ಹುಡುಗ ಒಳ್ಳೆಯವನು, ನನ್ನ ಹತ್ತಿರ ಇದ್ದವನು” ಎಂದರೆ ಮುಗಿಯಿತು. ಇದರಲ್ಲಿ ಗುಣವೂ ಇತ್ತು ಎನ್ನದೆ ವಿಧಿಯಿಲ್ಲ. ಶಿಷ್ಯನ ಕೈಚಳಕವನ್ನು ವರ್ಷಗಟ್ಟಲೆ ಕಣ್ಣಾರೆ ಕಂಡವನ ಮಾತು ಅದು. ಆದರೆ ಆ ಫೋನಿನ ಕರೆ ಯಾರಿಗಾಗಿ ಹೋಗುತ್ತಿತ್ತು, ಯಾರಿಗಾಗಿ ಹೋಗುತ್ತಿರಲಿಲ್ಲ?

ಇದನ್ನು ಅಳೆದು ನೋಡಲು ಅನೀಜ್ ಇಸ್ಮೇಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ಇಬ್ಬರು ವೈದ್ಯರು ಒಂದು ಸರಳ ಪ್ರಯೋಗ ಮಾಡಿದರು. ಓದು, ಅನುಭವ ಎಲ್ಲ ಸರಿಸಮನಾದ ಆರು ಕಾಲ್ಪನಿಕ ಅರ್ಜಿದಾರರನ್ನು ಸೃಷ್ಟಿಸಿದರು. ಮೂವರಿಗೆ ಇಂಗ್ಲಿಷ್ ಹೆಸರು, ಮೂವರಿಗೆ ಏಷ್ಯಾದ ಹೆಸರು. ಎಲ್ಲರೂ ಬ್ರಿಟನ್ನಿನಲ್ಲೇ ಓದಿದವರು. ಜಾಹೀರಾತಾದ 23 ಹುದ್ದೆಗಳಿಗೆ ಜೋಡಿ ಜೋಡಿಯಾಗಿ ಅರ್ಜಿ ಹೋದವು. ಸಂದರ್ಶನಕ್ಕೆ ಆಯ್ಕೆಯಾಗುವ ಸಂಭವ ಇಂಗ್ಲಿಷ್ ಹೆಸರಿಗೆ ಎರಡು ಪಟ್ಟು. ಪ್ರಯೋಗ ಇನ್ನೂ ಮುಂದುವರಿಯುತ್ತಿತ್ತೇನೋ, ಆದರೆ ಸುಳ್ಳು ಅರ್ಜಿ ಹಾಕಿದ ಆರೋಪದ ಮೇಲೆ ಪೊಲೀಸರು ಸಂಶೋಧಕರನ್ನೇ ಬಂಧಿಸಿದರು! 1993ರಲ್ಲಿ ಫಲಿತಾಂಶ ಪ್ರಕಟವಾದಾಗ ಇಡೀ ದೇಶ ತಲೆ ತಗ್ಗಿಸಬೇಕಾಯಿತು. ಹೆಸರು ಕಾಣದಂತೆ, ಒಂದೇ ನಮೂನೆಯಲ್ಲಿ, ಒಂದೇ ಅಳತೆಗೋಲಿನಲ್ಲಿ ಆಯ್ಕೆ ನಡೆಯಬೇಕೆಂಬ ಬೇಡಿಕೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ.

ಅದೇ 1993ರಲ್ಲಿ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಕೆನ್ನೆತ್ ಕಾಲ್ಮನ್ ವರದಿ ಬಂದು, ಎರಡು ಬಗೆಯ ರಿಜಿಸ್ಟ್ರಾರ್ ಹುದ್ದೆಗಳನ್ನು ಒಂದುಗೂಡಿಸಿ, ಕಲಿಕೆಗೆ ಪಠ್ಯಕ್ರಮ, ವಾರ್ಷಿಕ ಪರಿಶೀಲನೆ, ಕೊನೆಗೊಂದು ಪ್ರಮಾಣಪತ್ರ ಎಂಬ ಚೌಕಟ್ಟು ಹಾಕಿತು. ಆದರೆ ಅದು ಮೇಲಿನ ಮೆಟ್ಟಿಲಿಗೆ ಮಾತ್ರ. ಹೌಸ್ ಆಫೀಸರ್ ವರ್ಷ ಮುಗಿಸಿ, ರಿಜಿಸ್ಟ್ರಾರ್ ಆಗುವ ಮುನ್ನ ಸೀನಿಯರ್ ಹೌಸ್ ಆಫೀಸರ್ ಎಂಬ ಹೆಸರಿನಲ್ಲಿ ಅಲೆಯುತ್ತಿದ್ದವರನ್ನು ಕೇಳುವವರಿರಲಿಲ್ಲ. ‘ಕಳೆದುಹೋದ ಬುಡಕಟ್ಟು’ ಎಂದು ಅವರನ್ನು ವೈದ್ಯ ಪತ್ರಿಕೆಗಳು ಕರೆದವು. ಆಸ್ಪತ್ರೆಗಳ ರಾತ್ರಿಗಳು ನಡೆಯುತ್ತಿದ್ದುದು ಅವರಿಂದ. ಅವರಲ್ಲಿ ಭಾರತೀಯರೂ ಇದ್ದರು.

ಈ ಬುಡಕಟ್ಟಿಗೆ ಒಂದು ನೆಲೆ ಕಾಣಿಸಲೆಂದೇ ಕಾಲ್ಮನ್ ಅನಂತರದ ಮುಖ್ಯ ವೈದ್ಯಾಧಿಕಾರಿ ಲಿಯಾಮ್ ಡೊನಾಲ್ಡ್‌ಸನ್ 2002ರಲ್ಲಿ ಹೊಸ ಯೋಜನೆ ಮುಂದಿಟ್ಟರು. ಪದವಿಯಾದ ಮೇಲೆ ಎರಡು ವರ್ಷ ಬುನಾದಿ ತರಬೇತಿ; 2005ರ ಆಗಸ್ಟ್‌ನಲ್ಲಿ ಅದು ಶುರುವಾಯಿತು. ಆಮೇಲೆ ಒಂದೇ ಒಂದು ಆಯ್ಕೆ. ಅದರಲ್ಲಿ ಗೆದ್ದವರು ನೇರವಾಗಿ ತಜ್ಞರಾಗುವವರೆಗೆ ಓದಬಹುದು. ಅಲೆದಾಟವಿಲ್ಲ, ಆರು ತಿಂಗಳಿಗೊಮ್ಮೆ ಅರ್ಜಿಯಿಲ್ಲ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ 2007ರಲ್ಲಿ ಹಳೆಯ ಪದ್ಧತಿಯನ್ನು ಒಂದೇ ದಿನ ಮುಚ್ಚಿ ಹೊಸದನ್ನು ತೆರೆಯುವುದೆಂದು ಗೊತ್ತಾಯಿತು. ಅಂದರೆ ಮೆಟ್ಟಿಲ ಮೇಲೆ ಅಲ್ಲಲ್ಲಿ ನಿಂತಿದ್ದ ಹಲವು ವರ್ಷಗಳ ಕಿರಿಯ ವೈದ್ಯರೆಲ್ಲ, ಎರಡು ವರ್ಷದ ಅನುಭವದವರು, ಆರು ವರ್ಷದವರು, ಎಲ್ಲರೂ ಒಂದೇ ಬಾಗಿಲಿಗೆ ಒಂದೇ ವಾರ ನುಗ್ಗಬೇಕು. ಈ ಸಲ ತಪ್ಪಿದರೆ ಮುಂದೆ ಬಾಗಿಲೇ ಇಲ್ಲವೇನೋ ಎಂಬ ಭಯ ಬೇರೆ. ಸುಮಾರು 28,000 ಮಂದಿ ಅರ್ಹ ಅರ್ಜಿದಾರರು. ಇಂಗ್ಲೆಂಡಿನಲ್ಲಿದ್ದ ಸ್ಥಾನ ಸುಮಾರು 15,600.

ಅರ್ಜಿಯೆಲ್ಲ ಗಣಕಯಂತ್ರದ ಮೂಲಕ. ಇಡೀ ದೇಶಕ್ಕೆ ಒಂದೇ ಜಾಲತಾಣ, ಒಬ್ಬರಿಗೆ ನಾಲ್ಕು ಆಯ್ಕೆ. ಹೆಸರು ಮರೆಯಾಗಿತ್ತು, 1993ರ ಪಾಠ ಕಲಿತಾಗಿತ್ತಲ್ಲ. ಹೆಸರಿನ ಜೊತೆಗೆ ಇನ್ನೂ ಬಹಳಷ್ಟು ಮರೆಯಾಗಿತ್ತು ಎಂಬುದೇ ತೊಡಕು. ಅಭ್ಯರ್ಥಿಯ ಪೂರ್ಣ ಜೀವನವಿವರವನ್ನು ಮೊದಲ ಸುತ್ತಿನಲ್ಲಿ ನೋಡುತ್ತಲೇ ಇರಲಿಲ್ಲ. ಅದರ ಬದಲು ತಂಡದಲ್ಲಿ ದುಡಿದ ಸಂದರ್ಭ, ಒತ್ತಡವನ್ನು ನಿಭಾಯಿಸಿದ ಸಂದರ್ಭ ಎಂಬಂಥ ಪ್ರಶ್ನೆಗಳಿಗೆ 150 ಪದಗಳ ಮಿತಿಯಲ್ಲಿ ಉತ್ತರ ಬರೆಯಬೇಕು. ಅಂಕ ಹೆಚ್ಚಾಗಿ ಅದಕ್ಕೇ. ಚಿನ್ನದ ಪದಕ, ಸಂಶೋಧನೆ, ಐದಾರು ವರ್ಷ ಶಸ್ತ್ರಕ್ರಿಯಾ ಕೊಠಡಿಯಲ್ಲಿ ನಿಂತ ಅನುಭವ, ಇವಕ್ಕಿಂತ ಪ್ರಬಂಧ ಬರೆಯುವ ಜಾಣ್ಮೆ ತೂಕದ್ದಾಯಿತು. ಫೆಬ್ರವರಿ ಕೊನೆಗೆ ಪಟ್ಟಿ ಹೊರಬಿದ್ದಾಗ, ಹಿರಿಯ ತಜ್ಞರು ತಮ್ಮ ಅತ್ಯುತ್ತಮ ಸಹಾಯಕರಿಗೆ ನಾಲ್ಕರಲ್ಲಿ ಒಂದೂ ಸಂದರ್ಶನ ಸಿಗದ್ದನ್ನು ಕಂಡು ದಿಗ್ಭ್ರಮೆಗೊಂಡರು. ಕೆಲವೆಡೆ ಅವರು ಸಂದರ್ಶನ ನಡೆಸುವುದಕ್ಕೇ ಒಪ್ಪಲಿಲ್ಲ.

ಮಾರ್ಚ್ 17ರಂದು ಲಂಡನ್ ಮತ್ತು ಗ್ಲಾಸ್ಗೊ ಬೀದಿಗಳಲ್ಲಿ ಸಾವಿರಾರು ವೈದ್ಯರು ಮೆರವಣಿಗೆ ಹೊರಟರು. ಮುಷ್ಕರಕ್ಕೂ ಮೆರವಣಿಗೆಗೂ ಅಷ್ಟಾಗಿ ಹೆಸರಾಗದ ವೃತ್ತಿ ಅದು. ಪೋಷಕರೂ ಜೊತೆಗೆ ಹೆಜ್ಜೆ ಹಾಕಿದ್ದರು. ಎಲ್ಲರಿಗೂ ಮೊದಲ ಆಯ್ಕೆಯ ಕಡೆ ಒಂದು ಸಂದರ್ಶನ ಖಂಡಿತ ಎಂದು ಸರ್ಕಾರ ಹಿಂದೆ ಸರಿಯಿತು. ಏಪ್ರಿಲ್ ಕೊನೆಯಲ್ಲಿ ಇನ್ನೊಂದು ಬಾಂಬು ಬಿತ್ತು. ಅಭ್ಯರ್ಥಿಗಳ ದೂರವಾಣಿ ಸಂಖ್ಯೆ, ಧರ್ಮ, ಲೈಂಗಿಕ ಒಲವಿನಂಥ ಖಾಸಗಿ ವಿವರಗಳು ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದನ್ನು ಟೆಲಿವಿಷನ್ ವಾಹಿನಿಯೊಂದು ಬಯಲು ಮಾಡಿತು. ಆರೋಗ್ಯ ಮಂತ್ರಿ ಪೆಟ್ರೀಷಿಯಾ ಹ್ಯೂಯಿಟ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೇ 15ರಂದು ಆ ಗಣಕ ವ್ಯವಸ್ಥೆಯನ್ನೇ ಕೈಬಿಟ್ಟರು. ಬ್ರಿಟಿಷ್ ವೈದ್ಯ ಸಂಘದ ಅಧ್ಯಕ್ಷ ಜೇಮ್ಸ್ ಜಾನ್ಸನ್, ಯೋಜನೆಯ ಮೂಲ ತತ್ವಗಳನ್ನು ಸಮರ್ಥಿಸಿ ಪತ್ರಿಕೆಗೆ ಬರೆದ ಪತ್ರಕ್ಕೆ ಸದಸ್ಯರು ಸಿಡಿದೆದ್ದು, ರಾಜೀನಾಮೆ ಕೊಡಬೇಕಾಯಿತು.

ಈ ಗದ್ದಲದ ನೆರಳಿನಲ್ಲೇ ಇನ್ನೊಂದು ನಾಟಕ ನಡೆದಿತ್ತು. ಅದರ ಪಾತ್ರಧಾರಿಗಳು ನಮ್ಮವರು. ಅಲ್ಲಿಯತನಕ ವಿದೇಶಿ ವೈದ್ಯರು ಕೆಲಸದ ಪರವಾನಗಿಯಿಲ್ಲದೆ ತರಬೇತಿ ಹುದ್ದೆಗಳನ್ನು ಸೇರಬಹುದಾಗಿತ್ತು. ಪ್ಲ್ಯಾಬ್ ಮುಗಿಸಿದವರು ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಂಥ ಕಡೆ ಒಂದೇ ಕೋಣೆಯಲ್ಲಿ ಹಲವರು ಮಲಗಿ, ತಂದೆ ಸಾಲ ಮಾಡಿ ಕಳಿಸಿದ ಪೌಂಡುಗಳನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತ, ನೂರಾರು ಅರ್ಜಿ ಹಾಕಿ ಕಾಯುತ್ತಿದ್ದರು. 2006ರ ಮಾರ್ಚ್‌ನಲ್ಲಿ ಸರ್ಕಾರ ಥಟ್ಟನೆ ಆ ಸೌಲಭ್ಯವನ್ನು ರದ್ದು ಮಾಡಿತು, ಏಪ್ರಿಲ್‌ನಿಂದಲೇ ಜಾರಿ. ಉನ್ನತ ಕೌಶಲದ ವಲಸಿಗರೆಂದು ಬೇರೊಂದು ವೀಸಾ ಪಡೆದು ಉಳಿದವರಿಗೂ, ಸ್ಥಳೀಯರು ಸಿಗದಿದ್ದರೆ ಮಾತ್ರ ಕೆಲಸ ಕೊಡಿ ಎಂದು ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಸೂಚಿಸಿತು. ಭಾರತೀಯ ಮೂಲದ ವೈದ್ಯರ ಸಂಘ ‘ಬಾಪಿಯೊ’ ನ್ಯಾಯಾಲಯಕ್ಕೆ ಹೋಯಿತು. ಮೊದಲು ಸೋತಿತು. ಮೇಲ್ಮನವಿಯಲ್ಲಿ ಗೆದ್ದಿತು. 2008ರ ಏಪ್ರಿಲ್ 30ರಂದು ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ನಾಲ್ಕು-ಒಂದರ ಬಹುಮತದಿಂದ ಇಲಾಖೆಯ ಸೂಚನೆ ಕಾನೂನುಬಾಹಿರವೆಂದು ತೀರ್ಪು ಕೊಟ್ಟರು. ಕರೆದು ವೀಸಾ ಕೊಟ್ಟ ದೇಶ ಹಿಂಬಾಗಿಲಿನಿಂದ ಆ ಮಾತು ತಪ್ಪುವಂತಿಲ್ಲ ಎಂಬುದು ಅದರ ಸಾರ. ಆದರೆ ಎರಡು ವರ್ಷ ಕಳೆದಿತ್ತು. ಎಷ್ಟೋ ಮಂದಿ ಅಷ್ಟರಲ್ಲಿ ಊರಿಗೆ ವಿಮಾನ ಹತ್ತಿಯಾಗಿತ್ತು. ಅವರ ನಾಮಫಲಕದಲ್ಲಿ ಆ ನಾಲ್ಕು ಅಕ್ಷರ ಸೇರಲಿಲ್ಲ.

2007ರ ಕುಸಿತದ ವಿಚಾರಣೆ ನಡೆಸಿದ ಪ್ರೊಫೆಸರ್ ಜಾನ್ ಟೂಕ್ 2008ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟರು. ಪದವಿ ಮುಗಿದು ಎರಡೇ ವರ್ಷಕ್ಕೆ ಇಡೀ ಬದುಕಿನ ವಿಭಾಗ ಆರಿಸಿಕೊಳ್ಳಿ ಎನ್ನುವುದು ಸರಿಯಲ್ಲ, ನಡುವೆ ಇನ್ನೊಂದು ಮೆಟ್ಟಿಲು ಇರಲಿ ಎಂದರು. ಹಲವು ವಿಭಾಗಗಳಲ್ಲಿ ಹಾಗೆಯೇ ಆಯಿತು. ಶಿಕ್ಷಣದ ಉಸ್ತುವಾರಿಗೆ ಬೇರೆ ಸಂಸ್ಥೆ ಇರಲಿ ಎಂದರು. ಅದು ಹುಟ್ಟಿತು, ಹೆಸರು ಬದಲಿಸಿತು, 2023ರಲ್ಲಿ ಎನ್.ಎಚ್.ಎಸ್. ಇಂಗ್ಲೆಂಡ್ ಎಂಬ ದೊಡ್ಡ ಸಂಸ್ಥೆಯೊಳಗೆ ಲೀನವಾಯಿತು. ಆ ದೊಡ್ಡ ಸಂಸ್ಥೆಯನ್ನೇ ರದ್ದು ಮಾಡುವುದಾಗಿ 2025ರ ಮಾರ್ಚ್‌ನಲ್ಲಿ ಸರ್ಕಾರ ಸಾರಿತು. ಫಲಕ ಬರೆಯುವವರಿಗೆ ಬಿಡುವಿಲ್ಲ.

ಕೆಲಸದ ವೇಳೆ ಇಳಿದದ್ದು ನಿಜವಾದ ಸುಧಾರಣೆ. 1980ರ ದಶಕದಲ್ಲಿ ವಾರಕ್ಕೆ ನೂರು ಗಂಟೆ ದುಡಿದವರಿದ್ದರು; ಯೂರೋಪಿನ ನಿಯಮ 2009ರಲ್ಲಿ ಅದನ್ನು 48ಕ್ಕೆ ಇಳಿಸಿತು. ನಿದ್ದೆಗೆಟ್ಟ ವೈದ್ಯನ ಕೈಗೆ ಸಿಗದಿರುವುದು ರೋಗಿಗೂ ಕ್ಷೇಮ. ಆದರೆ ದುಡಿಮೆ ಇಳಿದರೆ ಕಲಿಕೆಯೂ ಇಳಿಯಿತು, ಏಕೆಂದರೆ ಎರಡೂ ಒಂದೇ. ಹಿಂದೆ ಸುಮಾರು 30,000 ಗಂಟೆ ಪಳಗಿ ಸರ್ಜನ್ ಆಗುತ್ತಿದ್ದವನಿಗೆ ಇನ್ನು 6,000 ಗಂಟೆಯಷ್ಟೇ ಎಂಬ ಲೆಕ್ಕ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದು ಚರ್ಚೆ ಎಬ್ಬಿಸಿತ್ತು. ಪಾಳಿಗಳು ಬಂದು ಹಳೆಯ ಫರ್ಮ್ ಒಡೆಯಿತು. ಬೆಳಿಗ್ಗೆ ರೋಗಿಯನ್ನು ಸೇರಿಸಿಕೊಂಡವನು ಸಂಜೆಗೆ ಬೇರೆ. ಗುರುವಿಗೆ ಶಿಷ್ಯನ ಮುಖವೇ ನೆನಪಿಲ್ಲ. ಫೋನು ಮಾಡಿ ಶಿಫಾರಸು ಮಾಡಬೇಕೆಂದರೂ ಯಾರಿಗಾಗಿ ಮಾಡುವುದು?

ತಾರತಮ್ಯದ ಪ್ರಶ್ನೆ ಪರೀಕ್ಷೆಯ ಹಾಲಿಗೆ ಹೋಗಿ ಕುಳಿತಿತು. ಕುಟುಂಬ ವೈದ್ಯರ ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ, ಬ್ರಿಟನ್ನಿನಲ್ಲೇ ಓದಿದ ಬಿಳಿಯರಿಗಿಂತ ಅಲ್ಲೇ ಓದಿದ ಅಲ್ಪಸಂಖ್ಯಾತ ಜನಾಂಗದವರು ಮೊದಲ ಯತ್ನದಲ್ಲಿ ಸೋಲುವ ಸಂಭವ ಹಲವು ಪಟ್ಟು ಹೆಚ್ಚು, ವಿದೇಶದಲ್ಲಿ ಓದಿದವರಿಗೆ ಇನ್ನೂ ಹೆಚ್ಚು ಎಂಬ ಅಧ್ಯಯನ 2013ರಲ್ಲಿ ಬಂತು. ಬರೆದವರಲ್ಲಿ ಒಬ್ಬರು ಇಪ್ಪತ್ತು ವರ್ಷ ಹಿಂದೆ ಪೊಲೀಸರ ಕೈಗೆ ಸಿಕ್ಕಿದ್ದ ಅದೇ ಇಸ್ಮೇಲ್. ಬಾಪಿಯೊ ಮತ್ತೆ ನ್ಯಾಯಾಲಯಕ್ಕೆ ಹೋಗಿ 2014ರಲ್ಲಿ ಮೊಕದ್ದಮೆ ಸೋತಿತು. ನೈತಿಕ ಗೆಲುವು ನಿಮ್ಮದೇ ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಆಡಿದ್ದರು.

ಗಣಕಯಂತ್ರವಂತೂ ಮರಳಿ ಬಂದಿದೆ. ಈಗ ಅದರ ಹೆಸರು ‘ಓರಿಯೆಲ್’. 2018ರಲ್ಲಿ ಅಂಕಿಅಂಶ ವರ್ಗಾಯಿಸುವಾಗ ಆದ ತಪ್ಪಿನಿಂದ ಸುಮಾರು 1,500 ವೈದ್ಯರಿಗೆ ಕಳಿಸಿದ್ದ ನೇಮಕದ ಪತ್ರಗಳನ್ನು ಹಿಂದಕ್ಕೆ ಪಡೆಯಬೇಕಾಯಿತಾದರೂ, ಬಹುಮಟ್ಟಿಗೆ ಕೆಲಸ ಸಾಗಿದೆ. ಹಲವು ವಿಭಾಗಗಳಿಗೆ ನಮ್ಮ ನೀಟ್ ಪಿ.ಜಿ.ಯನ್ನು ನೆನಪಿಸುವ ಬಹು ಆಯ್ಕೆಯ ಪರೀಕ್ಷೆಯೇ ಜರಡಿ. ಅರ್ಜಿದಾರರು ಹೆಚ್ಚಿದಷ್ಟೂ ಸಂದರ್ಶನಕ್ಕೆ ವೇಳೆ ಇಲ್ಲ, ಅಂಕವೇ ಗತಿ. 2025ರಲ್ಲಿ ಸುಮಾರು 10,000 ತರಬೇತಿ ಸ್ಥಾನಗಳಿಗೆ 30,000ಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದ್ದರು. ವಾರ್ಡುಗಳಲ್ಲಿ ಆಳು ಸಾಲದು ಎಂದು ವಿದೇಶಗಳಿಂದ ವೈದ್ಯರನ್ನು ಕರೆಸಿಕೊಂಡ ದೇಶವದು. 2022ರಲ್ಲಿ ಅಲ್ಲಿ ಹೊಸದಾಗಿ ನೋಂದಾಯಿಸಿಕೊಂಡ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗೆ ಓದಿದವರು. ವಾರ್ಡಿಗೆ ಆಳು ಬೇಕು, ಆದರೆ ಆ ಆಳನ್ನು ತಜ್ಞನನ್ನಾಗಿ ಬೆಳೆಸುವ ಸ್ಥಾನ ಇಲ್ಲ. 2025ರ ಜುಲೈನಲ್ಲಿ ಪ್ರಕಟವಾದ ಸರ್ಕಾರದ ಹತ್ತು ವರ್ಷಗಳ ಯೋಜನೆ, ಸ್ಥಳೀಯ ಪದವೀಧರರಿಗೂ ಅಲ್ಲಿ ಗಣನೀಯ ಕಾಲ ದುಡಿದ ವಿದೇಶಿಯರಿಗೂ ಆದ್ಯತೆ ಎಂದಿತು. ಮೂರು ವರ್ಷಗಳಲ್ಲಿ 1,000 ಸ್ಥಾನ ಹೆಚ್ಚಿಸುವುದಾಗಿ ಹೇಳಿತು.

ಆಗತಾನೆ ಪದವಿ ಪಡೆದವರ ಬುನಾದಿ ತರಬೇತಿಗಂತೂ 2024ರಿಂದ ಅಂಕವನ್ನೂ ಬಿಟ್ಟಾಗಿದೆ. ಪರೀಕ್ಷೆಯ ಒತ್ತಡ ಬೇಡ, ಯಾರಿಗೂ ಅನ್ಯಾಯವಾಗುವುದು ಬೇಡ ಎಂದು ಗಣಕಯಂತ್ರವೇ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆಯನ್ನು ಚೀಟಿ ಎತ್ತಿದಂತೆ ಕೊಡುತ್ತದೆ. ಆ ಸಂಖ್ಯೆ ಮತ್ತು ಅಭ್ಯರ್ಥಿಯ ಇಷ್ಟ ನೋಡಿ ಊರು ಗೊತ್ತಾಗುತ್ತದೆ. ಆದಷ್ಟು ಮಂದಿಗೆ ಅವರು ಬಯಸಿದ ಊರೇ ಸಿಗಲೆಂಬುದು ಉದ್ದೇಶ. ಐದು ವರ್ಷ ಹಗಲಿರುಳು ಓದಿದ್ದಕ್ಕೆ ಇದೇ ಫಲವೇ ಎಂದು ಮೊದಲ ಸಾಲಿನಲ್ಲಿದ್ದ ವಿದ್ಯಾರ್ಥಿಗಳು ಮುನಿದರು.

ಆ ವರ್ಷವೇ, 2024ರ ಸೆಪ್ಟೆಂಬರಿನಲ್ಲಿ, ಹೆಸರೂ ಬದಲಾಯಿತು. ನಲವತ್ತು ದಾಟಿ ಮಕ್ಕಳೊಂದಿಗರಾದವರನ್ನೂ ‘ಜೂನಿಯರ್ ಡಾಕ್ಟರ್’ ಎನ್ನುವುದು ಸರಿಯಲ್ಲವೆಂದು, ಮುಷ್ಕರದ ಕೊನೆಗೆ ಆದ ಒಪ್ಪಂದದಲ್ಲಿ ಅವರನ್ನು ‘ರೆಸಿಡೆಂಟ್ ಡಾಕ್ಟರ್’ ಎಂದು ಕರೆಯುವುದಾಯಿತು. ರೆಸಿಡೆಂಟ್ ಎಂದರೆ ಅಲ್ಲಿಯೇ ವಾಸಿಸುವವನು, ಹಳೆಯ ಹೌಸ್ ಆಫೀಸರನಂತೆ. ಆದರೆ ಆಸ್ಪತ್ರೆಯ ಆವರಣದಲ್ಲಿ ಅವರಿಗೆಂದು ಇದ್ದ ಉಚಿತ ಕೋಣೆಗಳು ಬಹುತೇಕ ಕಡೆ ಮುಚ್ಚಿ ವರ್ಷಗಳಾಗಿವೆ. ಪಾಳಿ ಮುಗಿಸಿದ ರೆಸಿಡೆಂಟರು ಬೆಳಗಿನ ರೈಲು ಹಿಡಿದು ಬಾಡಿಗೆ ಮನೆಗೆ ಹೋಗುತ್ತಾರೆ.